ಖೆಡ್ಡಾ ನಿಂತ ಮೇಲೆ ಉಳಿದ ಕಾಡು

ಕಾಕನಕೋಟೆಯ ಕಾಡಿನಲ್ಲಿ ಹಿಂದೆ ಒಂದು ಶಾಪದ ಕಲ್ಲಿತ್ತು. ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯಲು ಹೋಗಿ ಕೈಸೋತ ಹೈದರಾಲಿ, ಈ ಕೆಲಸ ಇನ್ನು ಯಾರಿಂದಲೂ ಆಗದು, ಕೈಹಾಕಿದವರಿಗೆ ಒಳ್ಳೆಯದಾಗದು ಎಂದು ಕೆತ್ತಿಸಿ ನಿಲ್ಲಿಸಿದ ಕಲ್ಲು ಅದು. ಸುಮಾರು ನೂರು ವರ್ಷದ ಮೇಲೆ ಅದರ ಸುದ್ದಿಯನ್ನು ಬರೆದಿಟ್ಟವನು ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ನೌಕರ. ಮೀಸೆ ತಿರುವಿಕೊಂಡೇ ಬರೆದಿರಬೇಕು. ಹೈದರನಿಗೆ ಆಗದ್ದನ್ನು ಅಷ್ಟರಲ್ಲಿ ಅವನು ಮಾಡಿ ತೋರಿಸಿಯಾಗಿತ್ತು.

ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಸ್ಯಾಂಡರ್ಸನ್‌ನದು ನೀರಾವರಿ ಕಾಲುವೆಗಳ ಉಸ್ತುವಾರಿ. ಕನ್ನಡ ಕಲಿತಿದ್ದ, ಕಾಡು ಸುತ್ತುವ ಹುಚ್ಚಿತ್ತು. ಚಾಮರಾಜನಗರದ ಕಡೆ ಆನೆಗಳು ಬೆಳೆಗೆ ಬೀಳುತ್ತವೆ ಎಂಬ ರೈತರ ದೂರು ಅವನಿಗೂ ಹಳೆಯದಾಗಿತ್ತು. ಗುಂಡು ಹೊಡೆದು ಕೆಡವುವ ಬದಲು ಹಿಡಿದು ಮಾರಿದರೆ ಬೆಳೆಯೂ ಉಳಿಯುತ್ತದೆ, ಬೊಕ್ಕಸಕ್ಕೂ ಹಣ ಬರುತ್ತದೆ ಎಂದು ಅವನು ಸರ್ಕಾರವನ್ನು ಒಪ್ಪಿಸಿದ. ಆನೆ ಹಿಡಿಯುವುದನ್ನು ಅವನು ಅದುವರೆಗೆ ಕಣ್ಣಾರೆ ಕಂಡವನೂ ಅಲ್ಲ. 1873ರಲ್ಲಿ ಸಿದ್ಧತೆ ಶುರುವಾಯಿತು, ಮೊದಲ ಯತ್ನ ಕೈತಪ್ಪಿತು. 1874ರ ಜೂನ್ ತಿಂಗಳಲ್ಲಿ ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ, ಹೊನ್ನುಹೊಳೆಯ ಹತ್ತಿರ, ಐವತ್ತಕ್ಕೂ ಹೆಚ್ಚು ಆನೆಗಳಿದ್ದ ಇಡೀ ಹಿಂಡು ಅವನ ಕಂದಕದೊಳಗೆ ಬಂದು ನಿಂತಿತು. ಹೆಜ್ಜೆಜಾಡು ಓದಿ ಆನೆಗಳಿರುವ ಕಡೆ ಅವನನ್ನು ಕರೆದೊಯ್ಯುತ್ತಿದ್ದವರು ಸೋಲಿಗರು ಮತ್ತು ಕುರುಬರು. ಅವರ ಕೌಶಲವನ್ನು ಅವನು ಹೊಗಳಿ ಬರೆದಿದ್ದಾನೆ. ಅವನ ಪುಸ್ತಕ 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಪ್ರಸಿದ್ಧವಾಯಿತು. ಕಿಪ್ಲಿಂಗ್ 1894ರ ‘ಜಂಗಲ್ ಬುಕ್’ನಲ್ಲಿ ಆನೆ ಹಿಡಿಯುವ ಪೀಟರ್ಸನ್ ಸಾಹೇಬನನ್ನು ತಂದಿದ್ದಾನಲ್ಲ, ಅವನಿಗೆ ಮೂಲ ನಮ್ಮ ಸ್ಯಾಂಡರ್ಸನ್ನೇ ಎನ್ನುವವರಿದ್ದಾರೆ.

ಹೀಗೆ ಹಿಂಡುಹಿಂಡಾಗಿ ಆನೆ ಹಿಡಿಯುವ ಖೆಡ್ಡಾ ಆಮೇಲೆ ನೆಲೆಯಾಗಿ ನಿಂತದ್ದು ಕಾಕನಕೋಟೆಯಲ್ಲಿ. ಮೈಸೂರಿನಿಂದ ಹೆಗ್ಗಡದೇವನಕೋಟೆ ದಾಟಿ, ಅಂತರಸಂತೆಯ ಆಚೆ ಮಾನಂದವಾಡಿ ರಸ್ತೆ ಕಾಡು ಹೊಗುವ ಕಡೆ ಅದು. ಪಕ್ಕದಲ್ಲೇ ಕಬಿನಿ. ಮತ್ತಿ, ಹೊನ್ನೆ, ದಿಂಡಿಗ, ಬೀಟೆ, ತೇಗದ ಮರಗಳು, ನಡುನಡುವೆ ಬಿದಿರ ಮೆಳೆ, ತಗ್ಗಿನಲ್ಲೆಲ್ಲ ಬೇಸಿಗೆಯಲ್ಲೂ ಹಸಿರಾರದ ಜೌಗು ಹುಲ್ಲಿನ ಹಡ್ಲು. ಆನೆಗೆ ಇದಕ್ಕಿಂತ ಒಳ್ಳೆಯ ಜಾಗ ದಕ್ಷಿಣದಲ್ಲಿ ಕಡಿಮೆ.

ಇಲ್ಲಿನ ಖೆಡ್ಡಾದ ವಿಶೇಷವೆಂದರೆ ಹೊಳೆ. ಕುರುಬರು ಮತ್ತು ಸುತ್ತಲ ಹಳ್ಳಿಗಳ ಆಳುಗಳು ನೂರಾರು ಮಂದಿ ಸಾಲುಹಿಡಿದು, ದೂರದೂರದ ಹಿಂಡುಗಳನ್ನು ಗದ್ದಲವಿಲ್ಲದೆ ದಿನಕ್ಕಿಷ್ಟು ದೂರವೆಂದು ಹೊಳೆಯ ದಿಕ್ಕಿಗೆ ಸರಿಸುತ್ತ ಬರುತ್ತಿದ್ದರು. ರಾತ್ರಿ ಸಾಲಿನುದ್ದಕ್ಕೂ ಬೆಂಕಿ. ಸಾಲಿನಲ್ಲಿ ಒಂದು ಕಡೆ ಬೆಂಕಿ ಆರಿತೆಂದರೆ ಹಿಂಡು ಅಲ್ಲೇ ನುಸುಳಿಕೊಂಡು ಹೋಗುತ್ತಿತ್ತು. ವಾರಗಟ್ಟಲೆ ಹೀಗೆ ತಂದು ಒಂದು ಬೆಳಿಗ್ಗೆ ತಮಟೆ, ಕೊಂಬು, ಕಾಡತೂಸಿನ ಸದ್ದಿನೊಡನೆ ಹಿಂಡನ್ನು ನೀರಿಗೆ ಇಳಿಸುವುದು. ಮರಿಗಳನ್ನು ನಡುವೆ ಹಾಕಿಕೊಂಡು ತಾಯಾನೆಗಳು ಈಜಿ ಆಚೆ ದಡ ಹತ್ತಿದರೆ ಅಲ್ಲಿ ಮರದ ದಿಮ್ಮಿಗಳ ಬೇಲಿ ಎರಡು ಕಡೆಯಿಂದ ಕಿರಿದಾಗುತ್ತ ದೊಡ್ಡಿಯ ಬಾಗಿಲಿಗೆ ಸೇರುತ್ತಿತ್ತು. ಕೊನೆಯ ಆನೆ ಒಳಹೊಕ್ಕ ಕೂಡಲೇ ಮೇಲೆ ಕಟ್ಟಿದ ಹಗ್ಗ ಕಡಿದು ಬಾಗಿಲು ಕೆಡವುತ್ತಿದ್ದರು.

ಮಾರನೆಯ ದಿನ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ದೊಡ್ಡಿಯೊಳಗೆ ಹೋಗುವುದೇ ನಿಜವಾದ ಅಪಾಯದ ಕೆಲಸ. ಎರಡು ಕುಮ್ಕಿಗಳು ಒಂದು ಕಾಡಾನೆಯನ್ನು ಎರಡು ಪಕ್ಕದಿಂದ ಒತ್ತಿ ನಿಲ್ಲಿಸಿದಾಗ ಒಬ್ಬ ಕೆಳಗಿಳಿದು ಅದರ ಹಿಂಗಾಲಿಗೆ ಹಗ್ಗದ ಕುಣಿಕೆ ತೊಡಿಸಬೇಕು. ಬಿದಿರು, ಸೊಪ್ಪಿನ ಮರೆ ಕಟ್ಟಿದ ಅಟ್ಟದ ಮೇಲೆ ಕೂತು ಇದನ್ನು ನೋಡಲು ಮಹಾರಾಜರ ಅತಿಥಿಗಳು ಬರುತ್ತಿದ್ದರು. 1906ರಲ್ಲಿ ಬಂದ ವೇಲ್ಸ್ ರಾಜಕುಮಾರ ಮುಂದೆ ಐದನೇ ಜಾರ್ಜ್ ಆದ. 1922ರಲ್ಲಿ ಅವನ ಮಗ ಎಡ್ವರ್ಡ್ ಬಂದ. ಕಾರಾಪುರದಲ್ಲಿ ಅವರಿಗೆಂದು ಶಿಬಿರ, ಬಂಗಲೆ, ಬೇಟೆಯ ಏರ್ಪಾಡು. ಅದೇ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾಗಿ, ಮುಂದೆ ಹಾಲಿವುಡ್ಡಿಗೆ ಹೋದ. ಚಿತ್ರದ ಕತೆ ಕಿಪ್ಲಿಂಗ್‌ನದೇ. ಮೈಸೂರಿನ ಕಾಡಿನಿಂದ ಲಂಡನ್ನಿಗೆ ಹೋದ ಪೀಟರ್ಸನ್ ಸಾಹೇಬ ಕ್ಯಾಮೆರಾ ಹೊತ್ತುಕೊಂಡು ಮೈಸೂರಿಗೇ ಮರಳಿದ ಎನ್ನಬಹುದು.

ಸುಮಾರು ನೂರು ವರ್ಷಗಳಲ್ಲಿ ನಡೆದ 36 ಖೆಡ್ಡಾಗಳಲ್ಲಿ 1,500ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಆ ಗಡಿಬಿಡಿಯಲ್ಲೇ ಸತ್ತವು. ಉಳಿದವು ಅರಮನೆಗೆ, ದೇವಸ್ಥಾನಕ್ಕೆ, ಮರ ಎಳೆಯಲು, ಹರಾಜಿಗೆ ಹೋದವು. ಆ ಕಾಲದ ಒಂದು ಆನೆಯ ಕತೆಯನ್ನು ಇಲ್ಲಿ ಹೇಳದಿರಲು ಮನಸ್ಸು ಬಾರದು. 1949ರಲ್ಲಿ ಜಪಾನಿನ ಮಕ್ಕಳು ಕೇಳಿಕೊಂಡರೆಂದು ನೆಹರೂ ಟೋಕಿಯೋದ ಉಯೆನೋ ಮೃಗಾಲಯಕ್ಕೆ ಒಂದು ಆನೆ ಕಳಿಸಿದರು. ಮಗಳ ಹೆಸರನ್ನೇ ಅದಕ್ಕೆ ಇಟ್ಟರು. ಆ ಇಂದಿರಾ ಮೈಸೂರು ಸೀಮೆಯಲ್ಲಿ ಮರ ಎಳೆಯುತ್ತಿದ್ದ ಆನೆ. ಕನ್ನಡ ಬಿಟ್ಟು ಬೇರೆ ಮಾತು ಅದಕ್ಕೆ ತಿಳಿಯದು. ಜೊತೆಗೆ ಹೋದ ಮಾವುತರಿಂದ ಟೋಕಿಯೋದ ಮೃಗಾಲಯದವರು ಕನ್ನಡದ ಹುಕುಂಗಳನ್ನು ಕಲಿಯಬೇಕಾಯಿತು.

ಇಷ್ಟು ಆನೆ ಹಿಡಿದೂ ಕಾಡು ಉಳಿಯಿತು. ಹಿಡಿಯಬೇಕೆಂದೇ ಉಳಿಸಿದರು ಎನ್ನುವುದು ಹೆಚ್ಚು ಸರಿ. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಕಾಡನ್ನು ಸರ್ಕಾರದ ಕೈಗೆ ಬಿಗಿಯಾಗಿ ಕೊಟ್ಟಿತು. ಮರುವರ್ಷ ಬೇಟೆ ಮತ್ತು ಮೀನಿನ ರಕ್ಷಣೆಗೆ ಇನ್ನೊಂದು ರೆಗ್ಯುಲೇಷನ್ ಬಂತು. ಯಾವ ಪ್ರಾಣಿಯನ್ನು ಯಾರು, ಎಲ್ಲಿ, ಯಾವಾಗ ಹೊಡೆಯಬಹುದು ಎಂಬುದಕ್ಕೆ ಪರವಾನಗಿ ಬೇಕಾಯಿತು. ಒಳ್ಳೆಯ ಕಾಡುಗಳು ಮಹಾರಾಜರ ಬೇಟೆಗೆ ಮೀಸಲಾದವು. ಕಾಡಂಚಿನ ಬಡವನಿಗೆ ಮೊಲ ಹೊಡೆದರೂ ದಂಡ, ಅರಮನೆಯ ಅತಿಥಿಗೆ ಹುಲಿ. ಈ ಅನ್ಯಾಯವೇ ಬಂಡೀಪುರ, ಕಾಕನಕೋಟೆಗಳ ಮರಗಳನ್ನು ಕೊಡಲಿಯಿಂದ ಕಾಯಿತು ಎಂದರೆ ಕೇಳಲು ಹಿತವಾಗದು, ಆದರೆ ಸುಳ್ಳಲ್ಲ.

ಆ ಬೇಟೆಯ ಲೆಕ್ಕ ಸಿಗುವುದು ಕಾಡಿನಲ್ಲಲ್ಲ, ಮೈಸೂರು ಪಟ್ಟಣದಲ್ಲಿ. ಇಪ್ಪತ್ತನೇ ಶತಮಾನದ ಆದಿಯಲ್ಲಿ ಇಲ್ಲಿ ನೆಲೆಯೂರಿದ ವ್ಯಾನ್ ಇಂಗನ್ ಮನೆತನ ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ತುಂಬುವ ಕಾರ್ಖಾನೆ ನಡೆಸುತ್ತಿತ್ತು. ಕಾಗದದ ಅಂಟಿನ ಅಚ್ಚುಗಳ ಮೇಲೆ ಚರ್ಮ ಹೊದಿಸಿ, ಗಾಜಿನ ಕಣ್ಣು ಕೂಡಿಸಿ, ಬಾಯಿ ತೆರೆದು ಗರ್ಜಿಸುವ ಭಂಗಿಯಲ್ಲಿ ನಿಲ್ಲಿಸಿದ ಹುಲಿಗಳು ಇಲ್ಲಿಂದ ದೇಶದ ಅರಮನೆಗಳಿಗೆ, ಇಂಗ್ಲೆಂಡಿನ ಬಂಗಲೆಗಳಿಗೆ ಹೋಗುತ್ತಿದ್ದವು. ಸಂಸ್ಥೆಯ ಕಡತಗಳನ್ನು ಅಧ್ಯಯನ ಮಾಡಿದ ಪ್ಯಾಟ್ ಮಾರಿಸ್ ಕೊಡುವ ಅಂದಾಜು, ಹುಲಿ ಚಿರತೆಗಳು ಸೇರಿ 43,000ಕ್ಕೂ ಮೇಲೆ. ಇಂದು ಇಡೀ ಭಾರತದಲ್ಲಿ ಬದುಕಿರುವ ಹುಲಿಗಳ ಸಂಖ್ಯೆ ನಾಲ್ಕು ಸಾವಿರದ ಒಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಸುಬು ಸೊರಗಿ, 1999ರಲ್ಲಿ ಕಾರ್ಖಾನೆ ಮುಚ್ಚಿತು. ಅಣ್ಣತಮ್ಮಂದಿರಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ ವ್ಯಾನ್ ಇಂಗನ್ ನೂರು ದಾಟಿ ಬಾಳಿ 2013ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಕೊಲ್ಲುವ ಊರಿನಲ್ಲೇ ಕಾಯುವ ಮಾತೂ ಶುರುವಾಯಿತು. 1931ರಲ್ಲಿ ಬಂಡೀಪುರದ ಸುತ್ತ ಸುಮಾರು 90 ಚದರ ಕಿ.ಮೀ. ಕಾಡನ್ನು ಅಭಯಾರಣ್ಯವೆಂದು ಗುರುತಿಸಿದರು. ಮೈಸೂರಿನ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1941ರಲ್ಲಿ ಬಂಡೀಪುರದ ಅಭಯಾರಣ್ಯ ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿ, ಹಿಮವದ್ ಗೋಪಾಲಸ್ವಾಮಿಯ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಪಾರ್ಕ್ ಆಯಿತು. ಅದನ್ನು ಮಾಡಿದ ಕಾಲದ ಮಹಾರಾಜರು ಜಯಚಾಮರಾಜ ಒಡೆಯರು. ಸ್ವತಃ ಬೇಟೆಗಾರರು, ಖೆಡ್ಡಾ ನಡೆಸಿದವರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ ವನ್ಯಜೀವಿ ಮಂಡಳಿ ರಚಿಸಿದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. ಮಂಡಳಿಯ ಮೊದಲ ಸಭೆ 1952ರಲ್ಲಿ ಮೈಸೂರಿನಲ್ಲಿ ನಡೆಯಿತು. ದೇಶದ ಕಾಡುಪ್ರಾಣಿಗಳ ಗತಿಯೇನು ಎಂದು ಸ್ವತಂತ್ರ ಭಾರತ ಮೊದಲ ಬಾರಿಗೆ ಒಟ್ಟಾಗಿ ಕೂತು ಯೋಚಿಸಿದ್ದು, ದೇಶದಲ್ಲೇ ಅತಿ ಹೆಚ್ಚು ಹುಲಿಚರ್ಮಗಳನ್ನು ಹದಮಾಡಿದ ಊರಿನಲ್ಲಿ!

ಆದರೂ ಖೆಡ್ಡಾ ನಿಲ್ಲಲಿಲ್ಲ. ರಾಜರು ಹೋಗಿ ಸರ್ಕಾರ ಬಂದ ಮೇಲೂ ನಡೆಯಿತು. ಅದನ್ನು ನಿಲ್ಲಿಸಿದ್ದು ಆನೆಯ ಮೇಲಿನ ಕರುಣೆ ಎನ್ನುವುದಕ್ಕಿಂತ ನೀರು ಎನ್ನುವುದೇ ಸರಿ. ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಏಳುತ್ತಿತ್ತು. ಹಿನ್ನೀರು ಬಂದರೆ ಆನೆಗಳನ್ನು ಹೊಳೆಗೆ ಇಳಿಸುತ್ತಿದ್ದ ದಡ, ದೊಡ್ಡಿಯ ಜಾಗ, ಅಕ್ಕಪಕ್ಕದ ಹಳ್ಳಿಗಳು, ಹೊಳೆದಂಡೆಯ ದಟ್ಟ ಕಾಡು ಎಲ್ಲವೂ ಮುಳುಗುವುದು ಖಚಿತವಾಗಿತ್ತು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅದೇ ವರ್ಷ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ ‘ಗಂಧದ ಗುಡಿ’ ತೆರೆಗೆ ಬಂದು, ಕಾಡು ಕಾಯುವವನೂ ನಾಯಕನಾಗಬಲ್ಲ ಎಂದು ಕನ್ನಡಿಗರಿಗೆ ತೋರಿಸಿತು. 1974ರಲ್ಲಿ ಕಬಿನಿ ತುಂಬಿತು.

ಮುಳುಗಡೆ ಕಾಡಿಗೆ ಒಂದು ವಿಚಿತ್ರ ಉಪಕಾರವನ್ನೂ ಮಾಡಿತು. ಮಾರ್ಚಿನಿಂದ ಮೇ ತನಕ ಹಿನ್ನೀರು ಹಿಂದೆ ಸರಿಯುತ್ತ ಹೋದಂತೆ ಕೆಸರಿನ ಮೇಲೆ ಎಳೆಹುಲ್ಲು ಮೂಡುತ್ತದೆ. ಸುತ್ತಲ ಕಾಡು ಒಣಗಿ ಬಿದಿರೆಲೆ ಉದುರುವ ಹೊತ್ತಿಗೆ ಬಂಡೀಪುರ, ನಾಗರಹೊಳೆ, ವಯನಾಡುಗಳ ಆನೆಗಳು ಈ ಹುಲ್ಲಿಗೂ ನೀರಿಗೂ ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬಹಳ ಕಡಿಮೆ. ನೂರು ವರ್ಷ ನೂರಾರು ಆಳು ಸೇರಿ ಅಟ್ಟಿ ತರುತ್ತಿದ್ದ ಹಿಂಡುಗಳು ಈಗ ತಾವಾಗಿಯೇ ಅದೇ ಹೊಳೆಗೆ ಬರುತ್ತವೆ. ಅವನ್ನು ನೋಡಲು ಕಾರಾಪುರದ ಹಳೆಯ ಬೇಟೆಬಂಗಲೆಯಲ್ಲೇ ಸರ್ಕಾರಿ ರೆಸಾರ್ಟ್ ಎದ್ದಿತು. ಅದನ್ನು ಕಟ್ಟಿ ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಕೂಡ ಬಂದೂಕು ಕೆಳಗಿಟ್ಟ ಹಳೆಯ ಬೇಟೆಗಾರನೇ.

ಹೊಳೆಯ ಈಚೆ ದಡದ ನಾಗರಹೊಳೆಯದು ಬೇರೆಯೇ ಕತೆ. 1955ರಲ್ಲಿ ಕೊಡಗಿನ ಭಾಗದ ಕಾಡು ಅಭಯಾರಣ್ಯವಾಯಿತು. ಎಪ್ಪತ್ತರ ದಶಕದಲ್ಲಿ ಕಾಕನಕೋಟೆಯ ಕಡೆಯ ಕಾಡೂ ಸೇರಿಕೊಂಡಿತು. 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಗದದ ಮೇಲಿನ ಈ ಘೋಷಣೆಗಳಿಂದಲೇ ಹುಲಿ ಹೆಚ್ಚಲಿಲ್ಲ. ಮರಗಳ್ಳರನ್ನೂ ಬೇಟೆಗಾರರನ್ನೂ ಎದುರುಹಾಕಿಕೊಂಡು ವರ್ಷಗಟ್ಟಲೆ ಕಾಡಿನೊಳಗೇ ನಿಂತ ರೇಂಜರ್ ಕೆ.ಎಂ. ಚಿಣ್ಣಪ್ಪನವರಂಥವರು ಬೇಕಾದರು. ಅವರಿಗೆ ಸಿಕ್ಕ ಬಹುಮಾನವೆಂದರೆ 1992ರಲ್ಲಿ ಗಲಭೆಯೆದ್ದು ನಾಗರಹೊಳೆಯ ಕಾಡಿಗೆ ಬೆಂಕಿ ಬಿದ್ದದ್ದು.

ಅದೇ ಕಾಡಿನಲ್ಲಿ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1986ರಿಂದ ಹುಲಿಯ ಅಧ್ಯಯನ ನಡೆಸಿದರು. ಮೊದಲು ರೇಡಿಯೋ ಕಾಲರ್, ಆಮೇಲೆ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸುವ ಕ್ಯಾಮೆರಾ. ಅವರಿಗೆ ಕಂಡದ್ದು ಇದು: ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಬದುಕಬಲ್ಲವು, ತಿನ್ನಲು ಎಲ್ಲ ಅಳತೆಯ ಬಲಿಗಳೂ ಸಾಕಷ್ಟಿದ್ದರೆ. ಹುಲಿಗೆ ಕಾಟಿ, ಕಡವೆಯಂಥ ಭಾರಿ ಪ್ರಾಣಿ, ಉಳಿದವಕ್ಕೆ ಜಿಂಕೆಯೂ ಅದಕ್ಕಿಂತ ಚಿಕ್ಕವೂ. ಹಾಗಾಗಿ ಹುಲಿಯನ್ನು ಉಳಿಸುವುದೆಂದರೆ ಮೊದಲು ಕಾಟಿ, ಜಿಂಕೆಗಳಿಗೆ ಹೊಟ್ಟೆತುಂಬ ಮೇವು ಉಳಿಸುವುದು. ಹಡ್ಲಿನ ಹುಲ್ಲು ಬೆಂಕಿಗೆ ಹೋಗದಂತೆ, ಲಂಟಾನ ಕಳೆ ನುಂಗದಂತೆ ನೋಡುವುದು. 2022ರ ಗಣತಿಯ ಅಂದಾಜಿನಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳು. ಕರ್ನಾಟಕದ ಒಟ್ಟು 563ರಲ್ಲಿ ಅರ್ಧಕ್ಕೂ ಹೆಚ್ಚು ಈ ಎರಡು ಕಾಡುಗಳವೇ.

ಕಾಡು ತುಂಬಿದಾಗ ಅಂಚಿನಲ್ಲಿ ಉಕ್ಕುವುದು ಸಹಜ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395. ಬೆಳೆಗೆ ಬೀಳುವ ಆನೆಯ ದೂರು ಸ್ಯಾಂಡರ್ಸನ್‌ನ ಕಾಲದಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಪಟ್ಟಣದವರಿಗೆ ಅದರ ಬಿಸಿ ತಟ್ಟಿದ್ದು 2011ರ ಜೂನ್ 8ರ ಬೆಳಿಗ್ಗೆ. ಎರಡು ಕಾಡಾನೆಗಳು ಮೈಸೂರು ನಗರದೊಳಕ್ಕೇ ಬಂದುಬಿಟ್ಟವು. ಒಂದು ಬಂಬೂ ಬಜಾರಿನ ಕಡೆ ಒಬ್ಬ ಕಾವಲುಗಾರನನ್ನು ತುಳಿದು ಕೊಂದಿತು, ಹಸುವೊಂದನ್ನು ತಿವಿಯಿತು. ಶಾಲೆ ಕಾಲೇಜು ಮುಚ್ಚಿದವು. ಕಡೆಗೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು ಹಿಡಿದು ಸಾಗಿಸಿದರು. ಮರುವರ್ಷ ಹೈಕೋರ್ಟಿನ ಸೂಚನೆಯಂತೆ ರಚನೆಯಾಗಿದ್ದ, ಆನೆತಜ್ಞ ರಾಮನ್ ಸುಕುಮಾರ್ ನೇತೃತ್ವದ ಕಾರ್ಯಪಡೆ ವರದಿ ಕೊಟ್ಟಿತು. ಆನೆ ಇರಬೇಕಾದ ಕಡೆ, ಮನುಷ್ಯನೂ ಆನೆಯೂ ಹೊಂದಿಕೊಂಡು ಹೋಗಬೇಕಾದ ಕಡೆ, ಆನೆಯನ್ನು ಹಿಡಿದು ತೆಗೆಯಲೇಬೇಕಾದ ಕಡೆ ಎಂದು ವಿಂಗಡಿಸಿತು. ಹಾಸನದ ಆಲೂರು, ಸಕಲೇಶಪುರಗಳ ಕಡೆ ಹಿಡಿಯುವುದು ಮತ್ತೆ ಶುರುವಾಯಿತು. ಈಗ ಹಿಂಡಲ್ಲ, ಒಂದೊಂದೇ ಆನೆ. ಕಂದಕದ ಬದಲು ಅರಿವಳಿಕೆಯ ಬಂದೂಕು. ಕುಮ್ಕಿ ಮತ್ತು ಮಾವುತ ಮಾತ್ರ ಬದಲಾಗಲಿಲ್ಲ.

ಅರ್ಜುನನ ಕತೆ ಇಲ್ಲಿ ಬರುತ್ತದೆ. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕ ಆನೆ. ಬಳ್ಳೆ ಆನೆ ಶಿಬಿರದಲ್ಲಿ ಬೆಳೆದು, 2012ರಿಂದ 2019ರ ತನಕ ಎಂಟು ದಸರೆಗಳಲ್ಲಿ ಚಾಮುಂಡೇಶ್ವರಿಯ ಚಿನ್ನದ ಅಂಬಾರಿ ಹೊತ್ತಿತು. ವಯಸ್ಸಾಯಿತೆಂದು ಅಂಬಾರಿಯಿಂದ ಬಿಡಿಸಿದರು, ಕಾಡಾನೆ ಹಿಡಿಯುವ ಕೆಲಸದಿಂದ ಬಿಡಿಸಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಒಂಟಿ ಸಲಗದೊಡನೆ ಕಾದಾಡಿ ಸತ್ತಿತು. ಊರೆಲ್ಲ ಅತ್ತಿತು. ಅರವತ್ತು ದಾಟಿದ ಆನೆಯನ್ನು ಅಲ್ಲಿಗೆ ಏಕೆ ಕಳಿಸಿದಿರಿ ಎಂದು ಜನ ಕೇಳಿದರು, ಕೇಳಬೇಕಾದದ್ದೇ. ಟಿ.ವಿ.ಯಲ್ಲಿ ಎಲ್ಲರೂ ನೋಡಿದ ಇನ್ನೊಂದು ದೃಶ್ಯ, ಅರ್ಜುನನ ಮಾವುತ ಅದರ ದೇಹದ ಮೇಲೆ ಬಿದ್ದು ಗೋಳಾಡಿದ್ದು.

ಕಾಡಾನೆ ಪಳಗಿಸುವ ವಿದ್ಯೆ ಈ ಸೀಮೆಯಲ್ಲಿ ಹೆಚ್ಚಾಗಿ ಜೇನುಕುರುಬರ ಕೈಯಲ್ಲಿದೆ. ಖೆಡ್ಡಾದ ಸಾಲಿನಲ್ಲಿ ಬೆಂಕಿ ಕಾದವರು ಅವರೂ ಬೆಟ್ಟಕುರುಬರೂ. ಮಾಸ್ತಿಯವರ ‘ಕಾಕನಕೋಟೆ’ ನಾಟಕದ ನಾಯಕ ಕಾಚನೂ ಈ ಕಾಡಿನ ಕುರುಬರ ಯಜಮಾನನೇ. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಚಿತ್ರ ಮಾಡಿದಾಗ ಕಾಚನಾದವರು ಲೋಕೇಶ್. ಚಿತ್ರ ಬಂದ ದಶಕದಲ್ಲೇ ಆ ಕಾಚನ ಕುಲದವರು ಕಾಡಿನೊಳಗಿನ ತಮ್ಮ ಊರುಗಳಾದ ಹಾಡಿಗಳಿಂದ ಎದ್ದು ಹೋಗುತ್ತಿದ್ದರು. ಕೆಲವು ಕುಟುಂಬಗಳನ್ನು ಕಬಿನಿಯ ನೀರು ಎಬ್ಬಿಸಿತು, ಬಹಳಷ್ಟನ್ನು ಅಭಯಾರಣ್ಯದ ನಿಯಮ. ಹಲವರು ಕೊಡಗಿನ ಕಾಫಿತೋಟಗಳ ಲೈನ್ ಮನೆಗಳಿಗೆ ಕೂಲಿಗಳಾಗಿ ಸೇರಿದರು. ನಾಗರಹೊಳೆ ಕಾಡಿನ ಮೂರ್ಕಲ್ಲಿನಲ್ಲಿ ಪ್ರವಾಸಿಗರಿಗೆಂದು ಹೋಟೆಲ್ ಏಳತೊಡಗಿದಾಗ ತೊಂಬತ್ತರ ದಶಕದಲ್ಲಿ ಅವರು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟು ಆ ಹೋಟೆಲನ್ನು ಅಕ್ರಮವೆಂದು ತೀರ್ಪು ಕೊಟ್ಟಿತು. ನೆಲ ಮಾತ್ರ ಅವರಿಗೆ ಮರಳಲಿಲ್ಲ.

ಹೊರಬಿದ್ದವರ ಲೆಕ್ಕ ಹಾಕಿದ್ದು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ. ಹೈಕೋರ್ಟ್ ನೇಮಿಸಿದ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಎದ್ದುಹೋದ, ಪುನರ್ವಸತಿ ಕಾಣದ ಕುಟುಂಬಗಳು 3,418. ಮನೆ, ಭೂಮಿ ಕೊಡಬೇಕೆಂಬ ಶಿಫಾರಸು ಕಡತದಿಂದ ಕಡತಕ್ಕೆ ಸಾಗುತ್ತಲೇ ಇತ್ತು, 2025ರ ಜನವರಿಯಲ್ಲಿ ಅಸ್ಸಾದಿಯವರೂ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಜೇನುಕುರುಬರ ಹಲವು ಕುಟುಂಬಗಳು ತೋಟದ ಲೈನ್ ಬಿಟ್ಟು, ನಾಗರಹೊಳೆಯೊಳಗಿನ ಕರಡಿಕಲ್ಲಿಗೆ, ತಮ್ಮ ಹಿರಿಯರ ಹಾಡಿ ಇತ್ತೆನ್ನುವ ಜಾಗಕ್ಕೆ, ಮರಳಿ ಗುಡಿಸಲು ಹಾಕಿದವು. ಅವರ ಕೈಯಲ್ಲಿದ್ದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿ. ಹಿಂದೆ ಖೆಡ್ಡಾದ ಸಮಯ ಬಂತೆಂದರೆ ಹಾಡಿಗಳಿಂದಲೇ ಆಳು ಕರೆಸಿಕೊಳ್ಳುತ್ತಿದ್ದ ಸರ್ಕಾರ, ಅಲ್ಲಿ ನೀವು ವಾಸವಿದ್ದಿರಿ ಎಂಬುದಕ್ಕೆ ಪುರಾವೆ ತನ್ನಿ ಎಂದು ಈಗ ಕೇಳುತ್ತಿದೆ. ತಮ್ಮ ಹಿರಿಯರ ಗೋರಿಗಳೂ ದೇವರ ಕಲ್ಲುಗಳೂ ಅಲ್ಲೇ ಇವೆ, ಬಂದು ನೋಡಿ ಎನ್ನುವುದು ಅವರ ಉತ್ತರ.